ಮೀನು ಆಮೇಲೆ, ಮೊದಲು ಕಲ್ಲು ನೋಡಿ

ಅಕ್ವೇರಿಯಂ ಮುಂದೆ ನಿಂತವರು "ಇದ್ಯಾವ ಮೀನು, ಜೋಡಿಗೆಷ್ಟು?" ಎಂದರೆ ನನಗೆ ಮೈ ಉರಿಯುತ್ತದೆ. ನೀಲಿ ಬಣ್ಣದ ಜಲ್ಲಿ, ಗುಳ್ಳೆ ಬಿಡುವ ನಿಧಿಪೆಟ್ಟಿಗೆ, ಪ್ಲಾಸ್ಟಿಕ್ ತಲೆಬುರುಡೆ ಇಟ್ಟುಕೊಂಡ ಮನೆಗಳಲ್ಲಿ ನಾನು ಕಾಫಿ ಕುಡಿದು ಸುಮ್ಮನೆ ಎದ್ದು ಬರುತ್ತೇನೆ. ಫಿಲ್ಟರ್, ಹೀಟರ್ ವಿಚಾರವೆಲ್ಲ ಅಂಗಡಿಯವನೇ ಹೇಳುತ್ತಾನೆ. ನನ್ನ ತಕರಾರು ಕಲ್ಲಿನದು.

ಜಪಾನಿನ ನೀಗಾಟದ ತಕಾಶಿ ಅಮಾನೊ (1954–2015) ಮಾಡಿದ ತೊಟ್ಟಿಯ ಚಿತ್ರವೊಂದನ್ನು ಕಾಣುವವರೆಗೆ ನಾನೂ ಮೀನು ಎಣಿಸುವವನೇ. ಅದರಲ್ಲಿದ್ದದ್ದು ನಾಲ್ಕಾರು ಕಲ್ಲು, ಹುಲ್ಲಿನಂಥ ಗಿಡ, ಅಷ್ಟೇ. ಆದರೂ ಗಾಜಿನೊಳಗೆ ಒಂದು ಕಣಿವೆಯೇ ಇತ್ತು. ಆಮೇಲೆ ಶೃಂಗೇರಿಗೆ ಹೋದಾಗ ಎಲ್ಲರೂ ತುಂಗೆಯ ಮೀನಿಗೆ ಮಂಡಕ್ಕಿ ಎಸೆಯುತ್ತಿದ್ದರೆ ನಾನು ಹೊಳೆಯ ಬಂಡೆಗಳನ್ನೇ ನೋಡುತ್ತ ಕೂತಿದ್ದೆ. 2015ರಲ್ಲಿ ಲಿಸ್ಬನ್ನಿನ ಓಶಿಯಾನಾರಿಯೊದಲ್ಲಿ ಅಮಾನೊ ಕಟ್ಟಿದ 40 ಮೀಟರ್ ಉದ್ದದ ತೊಟ್ಟಿಯನ್ನು ವಿಡಿಯೊದಲ್ಲಿ ಎಷ್ಟು ಸಲ ನೋಡಿದ್ದೇನೋ!

ಅಮಾನೊ ಬೆಳೆಸಿದ ಕಲ್ಲಿನ ಶೈಲಿಗೆ ಇವಾಗುಮಿ ಎನ್ನುತ್ತಾರೆ. ಕಲ್ಲುಗಳ ಸಂಖ್ಯೆ ಬೆಸ. ಎಲ್ಲವೂ ಒಂದೇ ಜಾತಿಯವು. ಎಲ್ಲದರ ಗೆರೆಯೂ ಒಂದೇ ಕಡೆ ವಾಲಿರಬೇಕು, ಒಂದೇ ಪ್ರವಾಹ ಎಲ್ಲವನ್ನೂ ತಳ್ಳಿದೆ ಅನ್ನಿಸಬೇಕು. ದೊಡ್ಡದು ಒಯಾಇಶಿ. ಅದು ತೊಟ್ಟಿಯ ನಟ್ಟನಡುವೆ ಕೂತರೆ ಕಥೆ ಮುಗಿಯಿತು, ಒಂದು ಬದಿಗೆ ಸರಿಸಿ. ನನಗೆ ಅಚ್ಚುಮೆಚ್ಚು ಸುತೇಇಶಿ, ಗಿಡ ಬೆಳೆದಂತೆ ಮುಚ್ಚಿಹೋಗಲೆಂದೇ ಇಡುವ ಪುಟ್ಟ ಕಲ್ಲು. ನಾಳೆ ಕಾಣದ ಕಲ್ಲಿಗೂ ಇಂದು ಜಾಗ ಹುಡುಕುವವನೇ ಕಲಾವಿದ. ಬಣ್ಣಕ್ಕೊಂದರಂತೆ ಕಲ್ಲು ಗುಡ್ಡೆ ಹಾಕುವವರಿಗೆ ಇದನ್ನು ಹೇಗೆ ಹೇಳುವುದು?

ಕಣ್ಣಿಗೆ ಒಪ್ಪಿದ ಕಲ್ಲು ನೀರಿಗೂ ಒಪ್ಪಬೇಕು. ಗ್ರಾನೈಟ್, ಬೆಣಚುಕಲ್ಲು ನೀರಿಗೆ ಏನನ್ನೂ ಬಿಡುವುದಿಲ್ಲ. ಮನೆ ಕಟ್ಟಿದಾಗ ಉಳಿದ ಶಹಾಬಾದ್ ಕಲ್ಲಿನ ಚೂರು ಬೇಡ. ಅದು ಸುಣ್ಣಕಲ್ಲು, ನಿಧಾನಕ್ಕೆ ಕರಗಿ ನೀರನ್ನು ಗಡಸು ಮಾಡುತ್ತದೆ. ಮಲಾವಿ ಸರೋವರದ ಸಿಕ್ಲಿಡ್‌ಗಳಿಗೆ ಅದು ಹಿತ, ನಿಯಾನ್ ಟೆಟ್ರಾಗಳಿಗೆ ಅಲ್ಲ. ಅನುಮಾನವಿದ್ದರೆ ಒಣಗಿದ ಕಲ್ಲನ್ನು ಕೆರೆದು ವಿನೆಗರ್ ಹನಿಸಿ, ಕಿವಿಗೆ ಹತ್ತಿರ ಹಿಡಿಯಿರಿ. ಚುರುಗುಟ್ಟಿದರೆ ಸುಣ್ಣವಿದೆ. ತಮಾಷೆಯೆಂದರೆ ಇವಾಗುಮಿಯವರು ಮುಗಿಬಿದ್ದು ಕೊಳ್ಳುವ ಸೆಯ್‌ರ್ಯು ಕಲ್ಲೂ ಬಹಳ ಸಲ ಚುರುಗುಡುತ್ತದೆ. ಅದೇ ಬೇಕೆಂದರೆ ನೀರನ್ನು ಆಗಾಗ ಬದಲಿಸುತ್ತಿರಬೇಕು. ಲೋಹದಂತೆ ಹೊಳೆಯುವ ಎಳೆಯಿರುವುದನ್ನು ಮುಟ್ಟಬೇಡಿ. ಸೋಪು ಹಚ್ಚದೆ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಕಲ್ಲನ್ನು ಕುದಿಸಬೇಡಿ, ಒಳಗೆ ತೇವ ಸಿಕ್ಕಿಕೊಂಡಿದ್ದರೆ ಸಿಡಿದೀತು. ಅಭಯಾರಣ್ಯದಿಂದಂತೂ ಏನನ್ನೂ ಎತ್ತಿಕೊಂಡು ಬರಬೇಡಿ.

ಮರದ ವಿಷಯದಲ್ಲಿ ನನಗೆ ಅಷ್ಟು ಹಟವಿಲ್ಲ. ಪೂರ್ತಿ ಒಣಗಿದ ಗಟ್ಟಿ ಮರವಾದರೆ ಸಾಕು. ಹಸಿ ಮರ ಕೊಳೆಯುತ್ತದೆ. ಅಂಟು, ರಾಳ, ಘಾಟು ಇದ್ದದ್ದು ಬೇಡ. ತೊಟ್ಟಿಗೆ ಇಳಿಸುವ ಮೊದಲು ಚೆನ್ನಾಗಿ ಕುದಿಸಿ. ಹೊಸ ಕೊರಡಿನ ಮೇಲೆ ಬಿಳಿ ಲೋಳೆ ಬಂದರೆ ಹೌಹಾರಬೇಡಿ, ತಾನೇ ಹೋಗುತ್ತದೆ. ನೀರು ಚಹಾ ಬಣ್ಣಕ್ಕೆ ತಿರುಗಿತೆಂದು ಗಾಬರಿಯಾಗಿ ಚೆಲ್ಲುವವರನ್ನು ಕಂಡರೆ ಮಾತ್ರ ಸಿಟ್ಟು ಬರುತ್ತದೆ. ಕಾರ್ಡಿನಲ್ ಟೆಟ್ರಾಗಳ ತವರಾದ ರಿಯೊ ನೀಗ್ರೊ ಇರುವುದೇ ಆ ಬಣ್ಣದಲ್ಲಿ. ಕೊರಡು ತೇಲಿದರೆ ಅದಕ್ಕೊಂದು ಕಲ್ಲು ಕಟ್ಟಿ ಮುಳುಗಿಸಿಡಿ, ನೀರು ಕುಡಿದು ತಾನಾಗಿ ತಳ ಹಿಡಿದ ಮೇಲೆ ಬಿಚ್ಚಿದರಾಯಿತು.