ಒಂದು ನೀಲಿಯನ್ನು ನೋಡುವ ಬಗೆ

ಚಿತ್ರದ ಮುಂದೆ ನಿಂತವರು ‘ಏನು ಬರೆದಿದ್ದಾರೆ?’ ಎಂದು ಕೇಳುತ್ತಾರೆ, ‘ಯಾವುದರಿಂದ ಬರೆದಿದ್ದಾರೆ?’ ಎಂದು ಕೇಳುವವರು ಕಡಿಮೆ. ಕೆಲವು ಕೃತಿಗಳು ಈ ಎರಡನೆಯ ಪ್ರಶ್ನೆ ಕೇಳಿದವರಿಗಷ್ಟೇ ಪೂರ್ತಿ ದಕ್ಕುತ್ತವೆ. ಅಂಥ ಕೃತಿಗಳನ್ನು ನೋಡುವ ಬಗೆ ಕಲಿಯಲು ಪ್ರಷ್ಯನ್ ನೀಲಿಯೊಂದೇ ಸಾಕು.

ಮೊದಲು ಕಣ್ಣಿಗೆ ಕೆಲಸ ಕೊಡಿ

ಚಿತ್ರದ ಪಕ್ಕದ ವಿವರಣೆ ಆಮೇಲೆ ಓದಿ. 1831ರ ಸುಮಾರಿಗೆ ಅಚ್ಚಾದ, ಜಪಾನಿನ ಕಲಾವಿದ ಹೊಕುಸಾಯ್‌ನ ‘ಮಹಾ ಅಲೆ’ಯನ್ನು ನೋಡಿ. ಅದರಲ್ಲಿರುವ ಪ್ರಷ್ಯನ್ ನೀಲಿ ದಟ್ಟವಾದರೆ ಹೆಚ್ಚುಕಡಿಮೆ ಕಪ್ಪು, ತೆಳುವಾದರೆ ತಿಳಿ ಆಕಾಶ. ಕಡಲಿನ ಆಳ ಹುಟ್ಟಿರುವುದು ಈ ಗುಣದಿಂದಲೇ.

ಹುಟ್ಟನ್ನು ವಿಚಾರಿಸಿ

ಅಫ್ಘಾನಿಸ್ತಾನದ ಬದಖ್‌ಶಾನ್ ಗಣಿಗಳ ಲಾಜವರ್ದ ಕಲ್ಲಿನಿಂದ ತೆಗೆದ ನೀಲಿ ಯುರೋಪಿನ ಕಲಾವಿದರಿಗೆ ಬಲು ದುಬಾರಿಯಾಗಿತ್ತು. 18ನೇ ಶತಮಾನದ ಆರಂಭದಲ್ಲಿ ಬರ್ಲಿನ್ನಿನ ಡೀಸ್‌ಬಾಖ್ ಎಂಬ ಬಣ್ಣಗಾರ ಕೆಂಪು ತಯಾರಿಸಲು ಹೊರಟ. ಬಳಸಿದ ಪೊಟ್ಯಾಶ್ ಕಲಬೆರಕೆಯಾಗಿದ್ದರಿಂದ ಸಿಕ್ಕಿದ್ದು ಈ ಪ್ರಷ್ಯನ್ ನೀಲಿ. ಅಗ್ಗದ ಈ ಬಣ್ಣ ಹಡಗೇರಿ ಜಪಾನನ್ನೂ ಮುಟ್ಟಿತು.

ಅದರ ಮುಂದಿನ ಬಾಳನ್ನೂ ತಿಳಿಯಿರಿ

1782ರಲ್ಲಿ ಸ್ವೀಡನ್ನಿನ ರಸಾಯನವಿಜ್ಞಾನಿ ಶೀಲೆ ಇದೇ ಬಣ್ಣದಿಂದ ಹೈಡ್ರೊಸಯನಿಕ್ ಆಮ್ಲ ಎಂಬ ಘೋರ ವಿಷವನ್ನು ಪಡೆದ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಕಂಡುಹಿಡಿದ, ಬೆಳಕಿನಿಂದ ಚಿತ್ರ ಮೂಡಿಸುವ ಸಯನೊಟೈಪ್ ಮುದ್ರಣದ ನೀಲಿಯೂ ಇದೇ. ಮರುವರ್ಷವೇ ಸಸ್ಯವಿಜ್ಞಾನಿ ಆ್ಯನಾ ಅಟ್ಕಿನ್ಸ್ ಅದರಲ್ಲಿ ಪಾಚಿಗಳ ಚಿತ್ರಗಳನ್ನು ಮೂಡಿಸತೊಡಗಿದಳು. ಎಂಜಿನಿಯರುಗಳ ಬ್ಲೂಪ್ರಿಂಟ್ ಬಂದದ್ದೂ ಅದೇ ದಾರಿಯಲ್ಲಿ. 1987ರಲ್ಲಿ ಬ್ರೆಜಿಲ್‌ನ ಗೋಯಾನಿಯಾದಲ್ಲಿ ವಿಕಿರಣಶೀಲ ಸೀಸಿಯಂ ದೇಹಕ್ಕೆ ಹೊಕ್ಕವರಿಗೆ ಮದ್ದಾಗಿ ಕೊಟ್ಟದ್ದೂ ಪ್ರಷ್ಯನ್ ನೀಲಿಯನ್ನೇ.

ಈಗ ಕೃತಿಗೆ ಬನ್ನಿ

ಮೆಕ್ಸಿಕೊದ ಕಲಾವಿದ ಯಿಶಾಯ್ ಹುಸಿಡ್ಮನ್ 2010ರಲ್ಲಿ ‘ಪ್ರಷ್ಯನ್ ಬ್ಲೂ’ ಎಂಬ ಚಿತ್ರಮಾಲೆ ಆರಂಭಿಸಿದರು. ನಾತ್ಸಿಗಳ ವಿಷಾನಿಲ ಕೋಣೆಗಳನ್ನು ಬಹುತೇಕ ಈ ನೀಲಿಯಲ್ಲೇ ಬರೆದರು. ಅಲ್ಲಿ ಮನುಷ್ಯರಿಲ್ಲ, ರಕ್ತವಿಲ್ಲ. ಗೋಡೆ, ಬಾಗಿಲು, ನೆಲ ಅಷ್ಟೇ. ಪೋಲೆಂಡಿನ ಮೈದಾನೆಕ್‌ನಂಥ ಕಡೆ, ಕೊಲ್ಲಲು ಬಳಸಿದ ಸಯನೈಡ್ ಅನಿಲ ಗೋಡೆಯೊಳಗಿನ ಕಬ್ಬಿಣದೊಂದಿಗೆ ಸೇರಿ ನೀಲಿ ಕಲೆಗಳನ್ನು ಉಳಿಸಿದೆ. ಆ ಕಲೆ ಮತ್ತು ಕಲಾವಿದರ ಕುಂಚದ ಬಣ್ಣ ರಾಸಾಯನಿಕವಾಗಿ ಒಂದೇ. ಇದನ್ನು ತಿಳಿದು ಮತ್ತೆ ನೋಡಿದಾಗ ಬಣ್ಣ ಆ ಘೋರ ಕೃತ್ಯವನ್ನು ವರ್ಣಿಸುವುದಷ್ಟೇ ಅಲ್ಲ, ಅದಕ್ಕೆ ಸಾಕ್ಷಿ ನುಡಿಯುತ್ತದೆ.

ಒರೆಗೆ ಹಚ್ಚಿ

ಮನಸ್ಸಿನಲ್ಲೇ ಬಣ್ಣ ಬದಲಿಸಿ ನೋಡಿ. ಹಸಿರಿನಲ್ಲಿ ಬರೆದಿದ್ದರೂ ಕೃತಿ ಅದೇ ಮಾತು ಹೇಳುವಂತಿದ್ದರೆ, ಬಣ್ಣದ ಚರಿತ್ರೆ ವಿವರಣೆಯ ಹಾಳೆಯಲ್ಲಿದೆಯೇ ಹೊರತು ಚಿತ್ರದಲ್ಲಿಲ್ಲ. ಹುಸಿಡ್ಮನ್ನರ ಚಿತ್ರಗಳಿಂದ ನೀಲಿಯನ್ನು ತೆಗೆದರೆ ಸಾಕ್ಷಿಯೇ ಇಲ್ಲವಾಗುತ್ತದೆ. ಚರಿತ್ರೆ ಎಷ್ಟೇ ರೋಚಕವಾಗಿರಲಿ, ಅದು ಕಣ್ಣಿಗೆ ಕಾಣುವಂತಾದಾಗ ಮಾತ್ರ ಕಲೆ.

ಮುಂದಿನ ಸಲ ಕಲಾ ಗ್ಯಾಲರಿಗೆ ಹೋದಾಗ ಕೃತಿಯ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ಮಾಧ್ಯಮದ ಸಾಲನ್ನು ತಪ್ಪದೆ ಓದಿ. ಅಲ್ಲಿ ಬಣ್ಣದ ಹೆಸರಿಲ್ಲದಿದ್ದರೆ ಸಂಕೋಚಪಡದೆ ಕೇಳಿ.