ಗಾಜಿನ ಕೆಳಗೆ ಮುಚ್ಚಿದ ಪುಸ್ತಕ

ಫೆಬ್ರವರಿ 28ರ ವಿಜ್ಞಾನ ದಿನ ಬಂತೆಂದರೆ ವಿಶ್ವವಿದ್ಯಾಲಯದ ಗ್ರಂಥಾಲಯಗಳಲ್ಲಿ ಮೇಜು ಜೋಡಿಸಿ ಪುಸ್ತಕಗಳನ್ನು ಸಾಲಾಗಿ ಇಡುತ್ತಾರೆ. ನಾನು ನೋಡಿದ ಇಂಥ ಪ್ರದರ್ಶನಗಳಲ್ಲಿ ಕಣ್ಣಿಗೆ ಬಿದ್ದದ್ದು ಬರೀ ರಕ್ಷಾಪುಟಗಳು. ಒಂದು ಕಡೆ ಒಣಗಿಸಿ ಅಂಟಿಸಿದ ಬಿದಿರಿನ ಎಲೆಯ ಕೆಳಗೆ ಲ್ಯಾಟಿನ್ ಹೆಸರಷ್ಟೇ ಇತ್ತು. ಬುಟ್ಟಿ ಹೆಣೆಯುವ ಮನೆಯಿಂದ ಬಂದ ಹುಡುಗಿಯೂ ಅದರ ಮುಂದೆ ನಿಲ್ಲದೆ ಹಾದುಹೋಗುವಂತಿತ್ತು ಆ ಚೀಟಿ.

ಕೇರಳದ ಗಿಡಮರಗಳ ಕುರಿತ ‘ಹೊರ್ಟಸ್ ಮಲಬಾರಿಕಸ್’ 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಚಿತ್ರಪುಟಗಳಲ್ಲಿ ಲ್ಯಾಟಿನ್ ಜತೆಗೆ ಮಲಯಾಳ, ಅರಬ್ಬಿ, ನಾಗರಿ ಲಿಪಿಗಳಲ್ಲೂ ಹೆಸರುಗಳಿವೆ. ಇಟ್ಟಿ ಅಚ್ಯುದನ್ ಎಂಬ ನಾಟಿ ವೈದ್ಯ ಕೊಟ್ಟ ತಿಳಿವಳಿಕೆಯ ಮೇಲೆ ನಿಂತ ಪುಸ್ತಕ ಅದು. ಮುನ್ನೂರು ವರ್ಷಗಳ ಹಿಂದೆ ಡಚ್ಚರು ತೋರಿದ ಆ ಎಚ್ಚರ ನಮ್ಮ ಚೀಟಿಗಳಲ್ಲಿ ಇಲ್ಲದಿರುವುದು ನನಗೆ ನೋವಿನ ಸಂಗತಿ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಾಹಿತ್ಯದ ಕಪಾಟಿನಲ್ಲಿರುತ್ತದೆಂದು ವಿಜ್ಞಾನದ ಮೇಜಿಗೆ ಬರುವುದೇ ಇಲ್ಲ. ಸಸ್ಯವಿಜ್ಞಾನಿಯೇ ಬರೆದ ಪುಸ್ತಕ!

ಮಲೆನಾಡಿನ ಕುವೆಂಪು ವಿಶ್ವವಿದ್ಯಾಲಯವನ್ನೇ ನೋಡಿ; ಅದು 1987ರಲ್ಲಿ ಶುರುವಾಯಿತು. ಶಂಕರಘಟ್ಟದ ಅದರ ಆವರಣದಿಂದ ಭದ್ರಾ ಅಭಯಾರಣ್ಯ ದೂರವಿಲ್ಲ. ಇಂಥ ಕಡೆ ವಸ್ತುವಿಗೆ ಬರವೇ? ಅಡಿಕೆಯ ಕೊಳೆರೋಗವನ್ನೇ ತೆಗೆದುಕೊಳ್ಳಿ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅದರ ಮೇಲೆ 1910ರಲ್ಲಿ ಬುಲೆಟಿನ್ ಹೊರತಂದರು. ರೋಗಕ್ಕೆ ಕಾರಣವಾದ ಶಿಲೀಂಧ್ರದಂಥ ಜೀವಿಯನ್ನು ವಿವರಿಸಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಲು ಹೇಳಿದರು. ಅದಕ್ಕೂ ಮುಂಚೆ ಮಲೆನಾಡಿನವರು ಗೊನೆಗೆ ಕೊಟ್ಟೆಯೆಂಬ ಹೊದಿಕೆ ಕಟ್ಟಿ ಮಳೆ ತಡೆಯುತ್ತಿದ್ದರು. ಆ ಬುಲೆಟಿನ್ನಿನ ಒಂದು ಪುಟ ತೆರೆದು, ಪಕ್ಕದಲ್ಲಿ ಒಂದು ಕೊಟ್ಟೆ, ಕೊಳೆತು ಉದುರಿದ ನಾಲ್ಕು ಕಾಯಿ ಇಟ್ಟರೆ ಸಾಕು. ತೋಟದವರು ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಹಳೆಯ ಪುಟಕ್ಕೆ ಬೆಳಕು ಶತ್ರು ನಿಜ. 50 ಲಕ್ಸ್‌ನೊಳಗಿನ ಮಂದ ಬೆಳಕು ಸಾಕು, ವಾರಕ್ಕೊಮ್ಮೆ ಪುಟ ಮಗುಚಬಹುದು, ಮುಟ್ಟಿ ನೋಡಲು ನಕಲು ಪ್ರತಿ ಇಡಬಹುದು.

ಆದರೆ ಭದ್ರಾವತಿಯ ಮಗ್ಗುಲಲ್ಲಿರುವ ಈ ವಿಶ್ವವಿದ್ಯಾಲಯದ ಗ್ರಂಥಾಲಯ ಮೊದಲು ತೋರಿಸಬೇಕಾದದ್ದು ಕಾಗದವನ್ನೇ ಎಂದು ನನ್ನ ಹಟ. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ನಮ್ಮ ಕಾಡಿನ ಬಿದಿರನ್ನು ಪುಟವಾಗಿಸಿತು. ಬಿದಿರಿನ ನಾರು ಉದ್ದ, ನೀಲಗಿರಿಯದು ಗಿಡ್ಡ. ಕಾಗದದ ಗಟ್ಟಿತನ ಉದ್ದ ನಾರಿನಿಂದ ಬರುತ್ತದೆ. ಪತ್ರಿಕೆಯ ಹಾಳೆ ಬಿಸಿಲಿಗೆ ಹಳದಿಯಾಗುವುದು ಅದರಲ್ಲಿ ಉಳಿದ ಲಿಗ್ನಿನ್‌ನಿಂದ. ಇದನ್ನೆಲ್ಲ ಒಂದು ಸೂಕ್ಷ್ಮದರ್ಶಕದಲ್ಲಿ ತೋರಿಸಬಹುದು. ಹಾಗೆ ತೋರಿಸುವಾಗ ಕಾರ್ಖಾನೆಗಾಗಿ ಬೆಳೆಸಿದ ನೀಲಗಿರಿ, ಅಕೇಶಿಯಾ ನೆಡುತೋಪುಗಳನ್ನೂ ಬಿಡಬಾರದು. ಆ ನೆಡುತೋಪುಗಳ ಜಮೀನಿನ 40 ವರ್ಷದ ಗುತ್ತಿಗೆ 2020ರಲ್ಲಿ ಮುಗಿದಾಗ ‘ನಮ್ಮೂರಿಗೆ ಅಕೇಶಿಯಾ ಬೇಡ’ ಎಂದು ಎದ್ದ ಮಲೆನಾಡಿಗರ ಕರಪತ್ರಗಳಿಗೂ ಅದೇ ಗಾಜಿನ ಕೆಳಗೆ ಜಾಗ ಬೇಕು. ಕಾಡು ಕಡಿದ ಲೆಕ್ಕವನ್ನು ಬಿಟ್ಟು ಕಾಗದದ ಕಥೆ ಹೇಳಿದರೆ ಅದು ಜಾಹೀರಾತಾಗುತ್ತದೆ.

2015ರಲ್ಲಿ ಕಾರ್ಖಾನೆಯ ಉತ್ಪಾದನೆ ನಿಂತಿತು. ತಿರುಳು ಬೇಯಿಸಿ, ಹಾಳೆ ಎಳೆದು ದುಡಿದವರು ಭದ್ರಾವತಿಯ ಕಾಗದನಗರದ ಸುತ್ತಮುತ್ತ ಇನ್ನೂ ಇದ್ದಾರೆ. ಪ್ರದರ್ಶನದ ದಿನ ಟೇಪು ಕತ್ತರಿಸಲು ಅವರಲ್ಲೊಬ್ಬರನ್ನು ಕರೆಯಲಿ. ಆಮೇಲೆ ಮೇಜಿನ ಬಳಿ ನಿಂತು, ಒಂದು ಹಾಳೆ ಹರಿದು, ನಾರು ಯಾವ ಕಡೆ ಓಡುತ್ತದೆಂದು ಮಕ್ಕಳಿಗೆ ಅವರೇ ತೋರಿಸಲಿ.