ಕಿರುವ್ಯಾಪಾರಿಗಳ ಜಾಲಬರೆಹದಲ್ಲಿ ಚರಿತ್ರೆ: ಚನ್ನಪಟ್ಟಣದ ಗೊಂಬೆಗಳನ್ನು ಕುರಿತು ಒಂದು ವಿಮರ್ಶೆ

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಅಂಗಡಿಕಾರರ ಜಾಹೀರಾತನ್ನು ಕುರಿತು ಬರೆಯುವುದು ಉಚಿತವೇ ಎಂಬ ಶಂಕೆ ವಾಚಕರಲ್ಲಿ ಕೆಲವರಿಗಾದರೂ ಬರಬಹುದು. ಶಾಸನ, ಬಖೈರು, ಕೈಫಿಯತ್ತುಗಳ ಪರಾಮರ್ಶೆ ನಮ್ಮ ವೃತ್ತಿ. ಅಂಗಡಿಯ ಫಲಕ ನಮ್ಮ ವಿಷಯವಲ್ಲ ಎಂದೇ ನಾವೂ ಬಹುಕಾಲ ಭಾವಿಸಿದ್ದೆವು. ಆದರೆ ಈಚಿನ ವರ್ಷಗಳಲ್ಲಿ ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದುವಾಗ, ಅಡಿಟಿಪ್ಪಣಿಗಳಲ್ಲಿ ಗೆಜೆಟಿಯರು ಇರಬೇಕಾದ ಸ್ಥಳದಲ್ಲಿ ಗೊಂಬೆ ಮಾರುವವರ, ಸೀರೆ ಮಾರುವವರ, ಕಾಫಿಪುಡಿ ಮಾರುವವರ ಜಾಲತಾಣಗಳು ಕಾಣಿಸಿಕೊಳ್ಳತೊಡಗಿವೆ. ಆಕರವೆಂದು ಬಳಕೆಯಾಗುತ್ತಿರುವ ಯಾವ ಬರೆಹವೂ ವಿಮರ್ಶೆಗೆ ಹೊರತಾದುದಲ್ಲ. ಅಲ್ಲದೆ ಈ ವಿಷಯದಲ್ಲಿ ನಾವು ಕೇವಲ ತಟಸ್ಥ ಪ್ರೇಕ್ಷಕರೂ ಅಲ್ಲವೆಂಬುದನ್ನು ಮುಂದೆ ನಿವೇದಿಸಿಕೊಳ್ಳಬೇಕಾಗಿದೆ.

ಬೆಂಗಳೂರು–ಮೈಸೂರು ಮಾರ್ಗದಲ್ಲಿ ಪಯಣಿಸಿದವರಿಗೆ ಚನ್ನಪಟ್ಟಣದ ಗೊಂಬೆಯಂಗಡಿಗಳ ಸಾಲು ಅಪರಿಚಿತವಲ್ಲ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರು ದೂರದ ಈ ಊರಿನ ಗೊಂಬೆ ವ್ಯಾಪಾರ ಬಹಳ ಮಟ್ಟಿಗೆ ರಸ್ತೆಯನ್ನೇ ನೆಚ್ಚಿಕೊಂಡಿತ್ತು. ಕಾರು ನಿಲ್ಲಿಸಿ ಮಗುವಿಗೊಂದು ಬುಗುರಿಯನ್ನೋ ಕುದುರೆಯನ್ನೋ ಕೊಳ್ಳುವ ಪ್ರಯಾಣಿಕನಿರುವಾಗ ಬೇರೆ ಜಾಹೀರಾತಿನ ಅಗತ್ಯವಾದರೂ ಏನು? ಊರನ್ನು ಬಳಸಿಕೊಂಡು ಹೋಗುವ ಹೊಸ ಹೆದ್ದಾರಿ 2023ರ ಮಾರ್ಚಿಯಲ್ಲಿ ಉದ್ಘಾಟನೆಗೊಂಡ ಮೇಲೆ ಆ ಪ್ರಯಾಣಿಕ ಊರೊಳಗೆ ಬರುವುದು ಕಡಮೆಯಾಯಿತು. ರಸ್ತೆಯಲ್ಲಿ ಕಾಣದೆ ಹೋದ ಅಂಗಡಿ ಈಗ ಫೋನಿನ ಪರದೆಯ ಮೇಲೆ ಕಾಣಬೇಕಾಗಿದೆ. ಆದುದರಿಂದ ಇಲ್ಲಿ ನಾವು ಪರಿಶೀಲಿಸುವ ಬರೆಹ ವಿನೋದದ್ದಲ್ಲ. ಅನೇಕ ಕುಟುಂಬಗಳ ಅನ್ನ ಅದನ್ನು ಆಶ್ರಯಿಸಿದೆ. ಅದು ಕೆಟ್ಟದಾಗಿದ್ದರೆ ಕೆಡುವುದು ಚರಿತ್ರೆ ಮಾತ್ರವಲ್ಲ.

ವ್ಯಾಪಾರಿಯು ತನ್ನ ಸರಕನ್ನು ಹೊಗಳುವುದನ್ನು ಬಿಟ್ಟು, ಗಿರಾಕಿಗೆ ಉಪಯುಕ್ತವಾದುದನ್ನು ಬರೆದು ಅವನ ವಿಶ್ವಾಸವನ್ನು ಸಂಪಾದಿಸುವ ಉಪಾಯ ಹಳೆಯದು. ಅಮೆರಿಕದ ಜಾನ್ ಡಿಯರ್ ಎಂಬ ನೇಗಿಲಿನ ಸಂಸ್ಥೆ 1895ರಲ್ಲಿಯೇ ರೈತರಿಗಾಗಿ ‘ದಿ ಫರೋ’ ಎಂಬ ಪತ್ರಿಕೆಯನ್ನು ಹೊರಡಿಸಿತು. 1997ರಲ್ಲಿ ‘ವೆಬ್‌ಲಾಗ್’ ಎಂಬ ಹೆಸರು ಹುಟ್ಟಿ, 1999ರಲ್ಲಿ ‘ಬ್ಲಾಗರ್’ ಸೇವೆ ಆರಂಭವಾದ ಮೇಲೆ, ಅಚ್ಚಿನ ವೆಚ್ಚವಿಲ್ಲದೆ ಈ ಉಪಾಯ ಸಣ್ಣ ವ್ಯಾಪಾರಿಗೂ ಕೈಗೆಟುಕಿತು. ವೆಚ್ಚ ಹೋಯಿತು, ಬರೆಯುವ ಶ್ರಮ ಉಳಿಯಿತು. ಆ ಶ್ರಮವನ್ನೂ ತಪ್ಪಿಸಿಕೊಳ್ಳುವ ಪ್ರಯತ್ನದಿಂದಲೇ ಇಂದಿನ ದುರವಸ್ಥೆ ಹುಟ್ಟಿದೆಯೆಂದು ನಮ್ಮ ಅಭಿಪ್ರಾಯ.

ಚನ್ನಪಟ್ಟಣದ ಗೊಂಬೆಗಳನ್ನು ಮಾರುವ ಹತ್ತಾರು ತಾಣಗಳ ‘ನಮ್ಮ ಕಥೆ’ ಎಂಬ ಪುಟಗಳನ್ನೂ ಬ್ಲಾಗುಗಳನ್ನೂ ಓದಿ ನೋಡಿದೆವು. ಯಾವ ಅಂಗಡಿಯ ಹೆಸರನ್ನೂ ಇಲ್ಲಿ ಎತ್ತುವುದಿಲ್ಲ. ಎತ್ತುವ ಅಗತ್ಯವೂ ಇಲ್ಲ, ಏಕೆಂದರೆ ಒಂದನ್ನು ಓದಿದರೆ ಉಳಿದವನ್ನು ಓದಿದಂತೆಯೇ. ಟಿಪ್ಪು ಸುಲ್ತಾನನು ಪರ್ಷಿಯದ ಗೊಂಬೆಯೊಂದನ್ನು ಕಂಡು ಮೆಚ್ಚಿ, ಅಲ್ಲಿಯ ಕುಶಲಕರ್ಮಿಗಳನ್ನು ಕರೆಸಿ ಚನ್ನಪಟ್ಟಣದವರಿಗೆ ವಿದ್ಯೆ ಕಲಿಸಿದನೆಂಬುದು ಮೊದಲನೆಯ ಪರಿಚ್ಛೇದ. ಬಾವಾಸ್ ಮಿಯಾನ್ ಅವರು ಈ ಕಲೆಯ ಪಿತಾಮಹರೆಂಬುದು ಎರಡನೆಯದು. ಇದರಲ್ಲಿ ಕೆಲವರು ಅವರನ್ನು ಜಪಾನಿಗೆ ಕಳುಹಿಸುತ್ತಾರೆ, ಕೆಲವರು ಜಪಾನಿನ ವಿಧಾನವನ್ನೇ ಅವರಿದ್ದಲ್ಲಿಗೆ ತರಿಸುತ್ತಾರೆ. ಬಣ್ಣ ಪ್ರಕೃತಿಜನ್ಯ, ಮಗುವಿಗೆ ನಿರಪಾಯ, ಪರಂಪರೆ ಅಳಿವಿನ ಅಂಚಿನಲ್ಲಿದೆ, ದಯವಿಟ್ಟು ಕೊಳ್ಳಿರಿ, ಎಂದು ಮುಕ್ತಾಯ. ಕೆಲವು ಪುಟಗಳಲ್ಲಿ ವಾಕ್ಯಗಳು ಮಾತ್ರವಲ್ಲ, ಮುದ್ರಣದೋಷಗಳೂ ಒಂದೇ.

ಪರ್ಷಿಯದ ಕಥೆ ಅಸಂಭವವೆಂದು ನಾವು ಹೇಳಲಾರೆವು. ಟಿಪ್ಪುವಿಗೆ ಹೊರನಾಡಿನ ಕುಶಲಕರ್ಮಿಗಳಲ್ಲಿ ಆಸಕ್ತಿಯಿದ್ದುದು ನಿಶ್ಚಯ. 1788ರಲ್ಲಿ ಹದಿನಾರನೆಯ ಲೂಯಿ ದೊರೆಯ ಆಸ್ಥಾನಕ್ಕೆ ಹೋದ ಅವನ ರಾಯಭಾರಿಗಳು ಅಂಥವರನ್ನು ಕಳುಹಿಸಿಕೊಡಬೇಕೆಂದು ಕೇಳಿಕೊಂಡಿದ್ದರು. ಆದರೆ ಸಂಭಾವ್ಯವಾದುದೆಲ್ಲ ಸಿದ್ಧವಾದುದಲ್ಲ. ನಾವು ಓದಿದ ಪುಟಗಳಲ್ಲಿ ಒಂದಾದರೂ ಈ ಸಂಗತಿಗೆ ಯಾವುದೊಂದು ದಾಖಲೆಯನ್ನು ಹೆಸರಿಸಿಲ್ಲ. ಒಂದು ತಾಣ ಇನ್ನೊಂದನ್ನು ಆಧಾರವಾಗಿ ತೋರಿಸುತ್ತದೆ, ಅದು ಮತ್ತೊಂದನ್ನು. ಕೊನೆಗೆ ಸುತ್ತಿ ಬಂದು ಮೊದಲನೆಯದರ ಬಾಗಿಲಲ್ಲಿಯೇ ನಿಲ್ಲುತ್ತೇವೆ. ಬಾಬಾಬುಡನ್ ಅವರು ತಂದ ಏಳು ಕಾಫಿಬೀಜಗಳ ಐತಿಹ್ಯಕ್ಕೆ ಕಾಫಿ ವ್ಯಾಪಾರಿಗಳು ಒದಗಿಸಿರುವ ಗತಿಯೂ ಇದೇ. ಒಬ್ಬರಲ್ಲಿ 1600, ಇನ್ನೊಬ್ಬರಲ್ಲಿ 1670. ಎಪ್ಪತ್ತು ವರ್ಷಗಳ ಅಂತರ ಯಾರನ್ನೂ ಬಾಧಿಸಿದಂತಿಲ್ಲ. ಐತಿಹ್ಯವನ್ನು ಐತಿಹ್ಯವೆಂದೇ ಹೇಳಿದರೆ ಅದಕ್ಕೊಂದು ಗೌರವವಿದೆ. ಅದಕ್ಕೆ ಇಸವಿಯನ್ನು ಅಂಟಿಸಿ ಇತಿಹಾಸದ ವೇಷ ಹಾಕಿದಾಗ ಎರಡೂ ಕೆಡುತ್ತವೆ.

ವಿಷಾದದ ಸಂಗತಿಯೆಂದರೆ, ದಾಖಲೆಯುಳ್ಳ ಚರಿತ್ರೆ ಈ ವ್ಯಾಪಾರಿಗಳ ಕೈಗೆ ಸುಲಭವಾಗಿ ಸಿಕ್ಕುವಂತಿದ್ದೂ ಬಳಕೆಯಾಗದೆ ಬಿದ್ದಿದೆ. ಶ್ರೀರಂಗಪಟ್ಟಣದ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಮಾರ್ಗವಾಗಿ ಬಂದನು. ಅವನ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು. ಚನ್ನಪಟ್ಟಣದಲ್ಲಿ ಅವನ ಗಮನವನ್ನು ಸೆಳೆದುದು ಗಾಜಿನ ಕೆಲಸ ಮತ್ತು ವಾದ್ಯಗಳ ತಂತಿಗಾಗಿ ಎಳೆಯುತ್ತಿದ್ದ ಉಕ್ಕಿನ ಸರಿಗೆ. 1908ರ ಇಂಪೀರಿಯಲ್ ಗೆಜೆಟಿಯರಿಗೆ ಬರುವ ವೇಳೆಗೆ ಅರಗಿನ ಸಾಮಾನುಗಳೂ ಗೊಂಬೆಗಳೂ ಈ ಊರಿನ ಪ್ರಸಿದ್ಧ ಕೈಗಾರಿಕೆಯಾಗಿ ಉಲ್ಲೇಖಗೊಂಡಿವೆ. ಜೊತೆಗೆ ಅದೇ ಉಕ್ಕಿನ ತಂತಿ, ಅದೇ ಗಾಜಿನ ಬಳೆ. ಇವೆರಡರ ನಡುವೆ ಒಂದು ಶತಮಾನದ ಅಂತರವಿದೆ. ಆ ಅಂತರದಲ್ಲಿ ನಡೆದುದೇನು, ತಂತಿ ಎಳೆಯುತ್ತಿದ್ದ ಕೈಗಳಿಗೂ ಮರ ಕಡೆಯುವ ಕೈಗಳಿಗೂ ಸಂಬಂಧವಿತ್ತೇ, ಎಂಬುದು ವಿಚಾರಾರ್ಹವಾದ ಪ್ರಶ್ನೆ. ವೀಣೆಯ ತಂತಿಗೂ ಮಗುವಿನ ಬುಗುರಿಗೂ ಒಂದೇ ಊರು ಹೆಸರಾಗಿತ್ತೆಂಬುದನ್ನು ಅಂಗಡಿಯವರೊಬ್ಬರು ನಾಲ್ಕು ಸಾಲಿನಲ್ಲಿ ಬರೆದಿದ್ದರೆ, ಸುಲ್ತಾನನ ಕಥೆಗಿಂತ ಅದು ಕಡಮೆ ರುಚಿಕರವಾಗುತ್ತಿತ್ತೇ? ನಾವು ಓದಿದ ಒಂದು ಪುಟದಲ್ಲಿಯೂ ತಂತಿಯ ಸುಳಿವಿಲ್ಲ.

ಇಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬ, ಚನ್ನಪಟ್ಟಣದಲ್ಲಿ ಲೇತ್ ಇಟ್ಟುಕೊಂಡಿರುವ ಮನೆತನದವನು, ತಮ್ಮ ತಾಣಕ್ಕೆ ‘ಸ್ವಲ್ಪ ಇತಿಹಾಸ’ ಬರೆದುಕೊಡಬೇಕೆಂದು ಕೇಳಿದನು. ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿಯ ನಡುವೆ ಕುಳಿತಿದ್ದ ನಾವು, ಎಲ್ಲರೂ ಬರೆದಿರುವುದನ್ನೇ ತುಸು ಪ್ರೌಢವಾದ ಭಾಷೆಯಲ್ಲಿ ಬರೆದುಕೊಟ್ಟೆವು. ಟಿಪ್ಪು ಬಂದನು, ಪರ್ಷಿಯದವರೂ ಬಂದರು. ಎರಡು ವರ್ಷಗಳ ತರುವಾಯ ಎಂ.ಎ. ತರಗತಿಯ ಒಂದು ಕಿರುಪ್ರಬಂಧದಲ್ಲಿ ನಮ್ಮದೇ ವಾಕ್ಯ ಉದ್ಧರಣ ಚಿಹ್ನೆಗಳೊಳಗೆ ಕುಳಿತು ನಮ್ಮ ಕಡೆ ನೋಡುತ್ತಿತ್ತು. ಅಂಚಿನಲ್ಲಿ ‘ಆಧಾರವೇನು?’ ಎಂದು ಕೆಂಪು ಶಾಯಿಯಲ್ಲಿ ಬರೆಯಲು ಲೇಖನಿಯನ್ನು ಎತ್ತಿ, ಬರೆಯಲಾರದೆ ಕೆಳಗಿಟ್ಟೆವು.

ಚರಿತ್ರೆಯ ಮಾತು ಒತ್ತಟ್ಟಿಗಿರಲಿ. ವ್ಯಾಪಾರದ ದೃಷ್ಟಿಯಿಂದಲಾದರೂ ಈ ಅನುಕರಣೆ ಫಲಿಸುತ್ತಿದೆಯೇ? ಜಾಲವ್ಯಾಪಾರದ ಸಲಹೆಗಾರರು ಬಹುಕಾಲ ಉಪದೇಶಿಸಿದ್ದು ಇಷ್ಟೇ: ಜನ ಹುಡುಕುವ ಪದಗಳನ್ನು ಪುಟದಲ್ಲಿ ಮತ್ತೆ ಮತ್ತೆ ತನ್ನಿರಿ, ವಾರಕ್ಕೊಂದು ಲೇಖನವನ್ನು ತುಂಬಿರಿ, ಇತರರಿಂದ ಕೊಂಡಿಗಳನ್ನು ಸಂಪಾದಿಸಿರಿ. ಈ ಉಪದೇಶದ ಕಾಲ ಮುಗಿದು ಬಹಳ ದಿನಗಳಾದವು. ಗೂಗಲ್ ಸಂಸ್ಥೆಯು 2011ರಲ್ಲಿ ‘ಪಾಂಡಾ’ ಎಂಬ ಮಾರ್ಪಾಟಿನಿಂದ ಹುರುಳಿಲ್ಲದ ಪುಟಗಳನ್ನು ಹಿಂದಕ್ಕೆ ಸರಿಸಿತು. 2012ರಲ್ಲಿ ‘ಪೆಂಗ್ವಿನ್’ ಎಂಬುದರಿಂದ ಕೃತಕ ಕೊಂಡಿಗಳನ್ನು ಶಿಕ್ಷಿಸಿತು. 2022ರ ಡಿಸೆಂಬರಿನಲ್ಲಿ ತನ್ನ ಪರಿಶೀಲಕರಿಗೆ ಕೊಡುವ ಸೂಚನೆಗಳಲ್ಲಿ ಬರೆದವನ ಸ್ವಾನುಭವವನ್ನೂ ಒಂದು ಅಳತೆಗೋಲಾಗಿ ಸೇರಿಸಿತು. ಒಂದು ಯಂತ್ರಸಮೂಹದ ಒಡೆಯರು ಇತಿಹಾಸಕಾರನ ಹಳೆಯ ಪ್ರಶ್ನೆಗೇ ಬಂದು ನಿಂತುದು ಸ್ವಾರಸ್ಯವಾಗಿದೆ: ಹೇಳುತ್ತಿರುವವನು ಕಂಡು ಹೇಳುತ್ತಿರುವನೋ, ಕೇಳಿ ಹೇಳುತ್ತಿರುವನೋ? ಹತ್ತು ಅಂಗಡಿಗಳ ಹತ್ತು ಪುಟಗಳಲ್ಲಿ ಒಂದೇ ಕಥೆಯಿದ್ದರೆ, ಯಂತ್ರವಾಗಲಿ ಮನುಷ್ಯನಾಗಲಿ ಒಂದನ್ನು ಆರಿಸಿಕೊಳ್ಳಲು ಕಾರಣವೇ ಇರುವುದಿಲ್ಲ. ಆಗ ಬೆಲೆಯೊಂದೇ ಉಳಿಯುತ್ತದೆ. ಬೆಲೆಯ ಪಂದ್ಯದಲ್ಲಿ ಕಾರ್ಖಾನೆಯ ಪ್ಲಾಸ್ಟಿಕ್ ಗೊಂಬೆಯ ಎದುರು ಕೈಗೆಲಸದವನು ಗೆಲ್ಲುವುದು ದುಸ್ತರ. ಯಂತ್ರವೇ ಪ್ರಬಂಧ ಬರೆದುಕೊಡುವ ಈ ದಿನಗಳಲ್ಲಂತೂ ಎಲ್ಲರ ಬಾಯಲ್ಲಿರುವ ಕಥೆಗೆ ಕಾಸಿನ ಬೆಲೆಯೂ ಇಲ್ಲ.

ಭಿನ್ನ ಮಾರ್ಗವನ್ನು ಹಿಡಿದವರು ಇಲ್ಲದಿಲ್ಲ. ಲಂಡನ್ನಿನ ಸ್ಯಾವಿಲ್ ರೋ ಪರಂಪರೆಯ ದರ್ಜಿ ಥಾಮಸ್ ಮಹೋನ್ 2005ರಲ್ಲಿ ಒಂದು ಬ್ಲಾಗನ್ನು ಆರಂಭಿಸಿ, ಬಟ್ಟೆಯನ್ನು ಕತ್ತರಿಸುವ ಕ್ರಮ, ಒಳಪದರ, ಹೊಲಿಗೆ ಇವನ್ನು ಕುರಿತು ತನಗೆ ತಿಳಿದುದನ್ನು ಬರೆದನು. ವರ್ಜೀನಿಯದ ಮಾರ್ಕಸ್ ಶೆರಿಡನ್ ಈಜುಕೊಳಗಳನ್ನು ಕೂರಿಸಿಕೊಡುವ ಸಣ್ಣ ಸಂಸ್ಥೆಯೊಂದರ ಪಾಲುದಾರ. 2008ರ ಆರ್ಥಿಕ ಕುಸಿತದಲ್ಲಿ ಅದು ಮುಳುಗುವ ಸ್ಥಿತಿಗೆ ಬಂದಾಗ, ಗಿರಾಕಿಗಳು ಕೇಳುವ ಪ್ರಶ್ನೆಗಳನ್ನೇ ಶೀರ್ಷಿಕೆಗಳಾಗಿಸಿ, ಬೆಲೆಯನ್ನೂ ತನ್ನ ಸರಕಿನ ಕುಂದುಗಳನ್ನೂ ಮುಚ್ಚುಮರೆಯಿಲ್ಲದೆ ಬರೆದನು; ಸಂಸ್ಥೆ ಉಳಿಯಿತು. ಅವನ ಪುಸ್ತಕ 2017ರಲ್ಲಿ ಪ್ರಕಟವಾಗಿ, ಸಲಹೆಗಾರರ ವಲಯದಲ್ಲಿ ಈಗ ಅದೂ ಒಂದು ಮಂತ್ರವಾಗಿದೆಯೆಂಬುದು ಬೇರೆ ಮಾತು. ಇವರಿಬ್ಬರೂ ರಾಜಮಹಾರಾಜರ ಕಥೆಯನ್ನು ನೆಚ್ಚಿಕೊಳ್ಳಲಿಲ್ಲ. ಕೈಗೆ ತಿಳಿದುದನ್ನು ಮಾತಿಗೆ ತಂದರು.

ಚನ್ನಪಟ್ಟಣದ ಕೈಗೆ ತಿಳಿದಿರುವುದೇನು ಅಲ್ಪವೇ? ಆಲೆ ಮರದ ತುಂಡನ್ನು ತಿಂಗಳುಗಟ್ಟಲೆ ಒಣಗಿಸದೆ ಲೇತಿಗೆ ಕೊಟ್ಟರೆ ಏನಾಗುತ್ತದೆ? ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೇ ಅರಗು ಕರಗಿ ಹತ್ತಿಕೊಳ್ಳುವುದೂ, ಬಳಿಕ ತಾಳೆಗರಿಯಿಂದ ಒತ್ತಿ ಉಜ್ಜಿದಾಗ ಹೊಳಪೇರುವುದೂ ಅವರಿಗೆ ನಿತ್ಯದ ಕೆಲಸ; ಓದುಗನಿಗೆ ಅದೊಂದು ವಿಸ್ಮಯ. ‘ನಿರಪಾಯ’ ಎಂಬ ಒಣಮಾತಿನ ಬದಲು ತಾಯಿತಂದೆಯರು ಕೇಳುವ ನಿಜವಾದ ಪ್ರಶ್ನೆಗೆ ಉತ್ತರವೂ ಬೇಕು. 2021ರ ಜನವರಿಯಿಂದ ಆಟಿಕೆಗಳಿಗೆ ಭಾರತೀಯ ಮಾನಕ ಸಂಸ್ಥೆಯ ಮುದ್ರೆ ಕಡ್ಡಾಯವಾಯಿತು. ನೋಂದಾಯಿತ ಕರಕುಶಲಿಗಳು ತಯಾರಿಸಿ ಮಾರುವ ಆಟಿಕೆಗಳಿಗೂ, ಭೌಗೋಳಿಕ ಸೂಚಿಯ ಅಧಿಕೃತ ಬಳಕೆದಾರರ ಆಟಿಕೆಗಳಿಗೂ ವಿನಾಯಿತಿ ದೊರೆಯಿತು. ಚನ್ನಪಟ್ಟಣದ ಗೊಂಬೆಗೆ ಆ ಸೂಚಿ ಬಂದುದು 2005–06ರಲ್ಲಿ. ಹಾಗಾದರೆ ಮುದ್ರೆಯಿಲ್ಲದ ಗೊಂಬೆಯನ್ನು ಗಿರಾಕಿ ಯಾವ ನಂಬಿಕೆಯ ಮೇಲೆ ಕೊಳ್ಳಬೇಕು? ಅರಗಿಗೆ ಬೆರೆಸಿದ ಬಣ್ಣ ಯಾವುದು, ಅರಿಸಿನವೋ ನೀಲಿಯೋ ಅಂಗಡಿಯಿಂದ ತಂದ ಬೇರಾವುದೋ? ಇದನ್ನು ಹೇಳಬಲ್ಲವನು ಕಡೆದವನೊಬ್ಬನೇ. ಪುಟಗಳಲ್ಲಿ ಅವನು ಬಗ್ಗಿ ಕುಳಿತ ಚಿತ್ರವಿದೆ, ಅವನ ಮಾತಿಲ್ಲ. ಸುಲ್ತಾನನಿಗೆ ಹೆಸರಿದೆ, ಇವನಿಗಿಲ್ಲ.

ವ್ಯಾಪಾರಿಯೇನು ಇತಿಹಾಸಕಾರನೇ, ಅವನಿಗೆ ಇಷ್ಟೆಲ್ಲ ಬಿಡುವೆಲ್ಲಿದೆ, ಎಂಬ ಆಕ್ಷೇಪವನ್ನು ನಾವು ಲಘುವಾಗಿ ಕಾಣುವುದಿಲ್ಲ. ಹಗಲೆಲ್ಲ ಲೇತಿನ ಮುಂದೆ ಕುಳಿತವನಿಗೆ ರಾತ್ರಿ ಲೇಖನ ಬರೆಯೆಂದು ಹೇಳುವುದು ನಮ್ಮಂಥ ಸಂಬಳದವರಿಗೆ ಸುಲಭ. ಆದರೆ ವಾರಕ್ಕೊಂದು ಪೊಳ್ಳು ಲೇಖನವನ್ನು ಹಣ ಕೊಟ್ಟು ಬರೆಸುವುದಕ್ಕಿಂತ ಮೂರು ತಿಂಗಳಿಗೊಂದು ಗಟ್ಟಿ ಪುಟ ಅಗ್ಗ. ಬರೆಯಲು ಬಾರದಿದ್ದರೆ ಹೇಳಿ ಬರೆಸಬಹುದು. ಇಂಗ್ಲಿಷು ಬಾರದೆಂದು ಅಳುಕುವವನು ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ಹೇಳಿದರೆ ಭಾಷಾಂತರಕ್ಕೆ ಜನರಿದ್ದಾರೆ. ಕಥೆಯೇ ಮಾರುತ್ತದೆಯಲ್ಲವೇ ಎನ್ನುವವರಿಗೆ, ‘ಎಂದು ಹಿರಿಯರು ಹೇಳುತ್ತಾರೆ’ ಎಂಬ ಮೂರು ಪದಗಳನ್ನು ಸೇರಿಸಿದರೆ ಎಷ್ಟು ಗೊಂಬೆಗಳ ಮಾರಾಟ ನಿಂತೀತು ಎಂದು ಕೇಳಬೇಕೆನಿಸುತ್ತದೆ.

ಕಳೆದ ಬೇಸಿಗೆಯಲ್ಲಿ ಆ ವಿದ್ಯಾರ್ಥಿಯ ಮನೆಗೆ ಹೋಗಿ, ಅವನ ತಂದೆಯವರ ಎದುರು ಒಂದು ಮಧ್ಯಾಹ್ನ ಕುಳಿತು, ಅವರು ಹೇಳಿದುದನ್ನು ಹೇಳಿದಂತೆಯೇ ಬರೆದುಕೊಂಡೆವು: ಮರ ಯಾರಿಂದ ಬರುತ್ತದೆ, ಯಾವ ಬಣ್ಣ ಮಳೆಗಾಲದಲ್ಲಿ ಕೈಕೊಡುತ್ತದೆ, ಹೆದ್ದಾರಿ ಬಂದ ವರ್ಷ ಎಷ್ಟು ಲೇತುಗಳು ಆ ಬೀದಿಯಲ್ಲಿ ನಿಂತವು. ಹಳೆಯ ಪುಟವನ್ನು ತೆಗೆಸಿ ಇದನ್ನು ಹಾಕಿಸಿದ್ದೇವೆ. ಟಿಪ್ಪುವಿನ ಕಥೆ ಕೊನೆಯಲ್ಲಿದೆ, ಹಿರಿಯರು ಹೇಳಿದ ಮಾತಾಗಿ. ನಾವು ಮೊದಲು ಬರೆದುಕೊಟ್ಟ ವಾಕ್ಯಗಳು ಮಾತ್ರ ಇನ್ನೂ ಮೂರು ಬೇರೆ ಅಂಗಡಿಗಳ ತಾಣಗಳಲ್ಲಿ, ನಮ್ಮ ಅಲ್ಪವಿರಾಮದ ದೋಷದೊಡನೆ, ಹಾಗೆಯೇ ಇವೆ.